ಕೆರೆ ಸುತ್ತ ಒಂಬತ್ತು ಕಲ್ಲು

ಹೊನ್ನಕ್ಕನ ಮನೆಯಲ್ಲಿ ಏಳು ತಿಂಗಳಿಂದ ಎರಡು ಒಲೆ ಉರಿಯುತ್ತಿದ್ದವು. ಹೊನ್ನಕ್ಕ ಎರಡರಲ್ಲೂ ಉಣ್ಣುತ್ತಿದ್ದಳು. ಒಳಗಿನ ಅಡುಗೆಮನೆಯಲ್ಲಿ ಹಿರಿಯ ಸೊಸೆ ಗೀತಮ್ಮ ಕೊಟ್ಟ ಮುದ್ದೆ ಮುಗಿಸಿ ಕೈ ತೊಳೆದು, ಪಡಸಾಲೆಗೆ ಬಂದು ಕಿರಿಯ ಸೊಸೆ ಗಂಗಾಂಬಿಕಾಳ ಗ್ಯಾಸ್ ಒಲೆಯ ಪಕ್ಕ ಕೂತು ಅನ್ನ ಸಾರು ಹಾಕಿಸಿಕೊಳ್ಳುವಳು. ಪಕ್ಷಪಾತ ಮಾಡಿದಳೆಂದು ಯಾರೂ ಅನ್ನಬಾರದಲ್ಲ. ಈ ನ್ಯಾಯಪರತೆಯಿಂದ ಅವಳ ರವಿಕೆಗಳೆಲ್ಲ ತೋಳಿನಲ್ಲಿ ಬಿಗಿಯಾಗಿದ್ದವು.

ಜಗಳ ಹುಟ್ಟಿದ್ದು ಹುರುಳಿ ಸಾರಿನಿಂದ. ಗೀತಮ್ಮನ ತವರು ದೊಡ್ಡಉಳ್ಳಾರ್ತಿ; ಅಲ್ಲಿಯ ಸಾರು ತೆಳ್ಳಗೆ, ಸಾಧು ಸ್ವಭಾವದ್ದು. ಗಂಗಾಂಬಿಕಾಳ ತವರು ಮೊಳಕಾಲ್ಮೂರು. ಅಲ್ಲಿಯ ಸಾರಿಗೆ ಆಂಧ್ರದ ಗಾಳಿ ಬಡಿದಿರುತ್ತದೆ.

"ಇದು ಸಾರಲ್ಲ, ಕುರಿಗೆ ಹುಳ ಬೀಳ್ಸೋ ಔಷಧಿ," ಎಂದಿದ್ದಳು ಗೀತಮ್ಮ.

"ನಿಮ್ದೂ ಸಾರಲ್ಲ ಅಕ್ಕ, ಹುರುಳಿ ಮುಖ ತೊಳ್ದ ನೀರು," ಎಂದಿದ್ದಳು ಗಂಗಾಂಬಿಕಾ.

ಗಂಡಂದಿರಿಬ್ಬರೂ ಬಾಯಿ ಹಾಕಲಿಲ್ಲ. ಅಣ್ಣ ಪಾಲಾಕ್ಷ ಕುರಿ ಹೊಡೆದುಕೊಂಡು ಹೋದ. ತಮ್ಮ ಮಾರುತೇಶ ತನ್ನ ಲಗೇಜ್ ಆಟೋ ಹತ್ತಿ ಚಳ್ಳಕೆರೆ ಮಾರ್ಕೆಟ್ಟಿಗೆ ಹೋದ. ಸಂಜೆ ಮರಳುವಷ್ಟರಲ್ಲಿ ಒಲೆ ಎರಡಾಗಿತ್ತು. ಅಂದಿನಿಂದ ವಾರಗಿತ್ತಿಯರ ನಡುವೆ ನೇರ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ಗೀತಮ್ಮನ ಮಗಳು ಆಶಾಳ ಮೂಲಕ ಹೇಳುವರು. ಅವಳು ಕಾಲೇಜಿಗೆ ಹೋಗಿದ್ದರೆ ಕೋಳಿಗೆ ಹೇಳುವರು.

ಎರಡು ಒಲೆ ಆದ ಮೇಲೆ ನಡುವೆ ಒಂದು ಗೋಡೆ ಇದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ಮಾತು ಬಂತು. ಮೊದಲು ಅಂದವರು ಯಾರೆಂದು ಯಾರಿಗೂ ನೆನಪಿಲ್ಲ. ಬೇರೆಯವರು ಅಂದರೆಂಬುದು ಮಾತ್ರ ಎಲ್ಲರಿಗೂ ನೆನಪಿದೆ.

"ಗೋಡೆ ಎದ್ರೆ ನಾನು ಯಾವ ಕಡೆ ಮಲಗ್ಲಿ?" ಎಂದು ಕೇಳಿದಳು ಹೊನ್ನಕ್ಕ.

"ಆರು ತಿಂಗ್ಳು ಅಲ್ಲಿ, ಆರು ತಿಂಗ್ಳು ಇಲ್ಲಿ," ಎಂದ ಮಾರುತೇಶ.

"ನಾನೇನು ಬ್ಯಾಂಕ್ ಮೇನೇಜರಾ, ಟ್ರಾನ್ಸ್‌ಫರ್ ಮಾಡೋಕೆ?"

ಮೂರು ದಿನ ಅವಳು ಎರಡೂ ಒಲೆಗಳಲ್ಲಿ ಅರ್ಧರ್ಧ ಉಂಡಳು. ಮಕ್ಕಳಿಗೆ ಹೆದರಿಕೆ ಆಯಿತು. ಕೊನೆಗೆ ಪಾಲಾಕ್ಷ ಒಂದು ತೀರ್ಮಾನ ಹೇಳಿದ: "ಮುಂದಿನ ತಿಂಗ್ಳು ಹೊರಬೀಡು ಐತಲ್ಲ. ಅಲ್ಲಿ ಯಜಮಾನ್ರು ನಮ್ದು ಒಂದು ಮನೆ ಅಂತ ಎಣಿಸಿದ್ರೆ ಗೋಡೆ ಇಲ್ಲ. ಎರಡು ಅಂತ ಎಣಿಸಿದ್ರೆ ಮಾರನೇ ದಿನಾನೇ ಪಾಯ."

"ಆಯ್ತಣ್ಣ," ಎಂದ ಮಾರುತೇಶ. ಒಲೆ ಎರಡಾದ ಮೇಲೆ ಅಣ್ಣತಮ್ಮಂದಿರು ಒಪ್ಪಿದ ಮೊದಲ ಮಾತು ಅದು.

ಹೊರಬೀಡು ಎಂದರೆ ಬಂಡೆಹಟ್ಟಿಯಲ್ಲಿ ಐದು ವರ್ಷಕ್ಕೊಮ್ಮೆ ಬರುವ ದಿನ. ಅಂದು ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ದನ, ಕುರಿ, ಕೋಳಿ, ನಾಯಿ, ತೊಟ್ಟಿಲ ಕೂಸು ಎಲ್ಲವನ್ನೂ ಕಟ್ಟಿಕೊಂಡು, ಹೊತ್ತು ಹುಟ್ಟುವ ಮುಂಚೆ ಊರಾಚೆ ಹೋಗಿ ಬೀಡು ಬಿಡುತ್ತದೆ. ಅಲ್ಲೇ ಬೇಯಿಸಿ ಉಂಡು ಸಂಜೆಗೆ ಮರಳುತ್ತದೆ. ಊರೊಳಗೆ ಅಂದು ಬೆಂಕಿಯಿಲ್ಲ, ಮಾತಿಲ್ಲ. ಊರಿಗೆ ಅಂಟಿಕೊಂಡ ಕೇಡು ಮನೆಮನೆ ಸುತ್ತಿ, ಯಾರೂ ಸಿಗದೆ ಬೇಸತ್ತು ಹೊರಟುಹೋಗುತ್ತದೆ ಎಂದು ನಂಬಿಕೆ. ಬೀಡಿನಲ್ಲಿ ಒಂದು ಬಾಗಿಲಿಗೆ ಒಂದೇ ಒಲೆ. ಊರ ಯಜಮಾನ ಪಾತಣ್ಣ ಎತ್ತರದಲ್ಲಿ ನಿಂತು ಹೊಗೆ ಎಣಿಸುತ್ತಾನೆ. ಎಷ್ಟು ಹೊಗೆಯೋ ಅಷ್ಟು ಮನೆ. ರೇಷನ್ ಕಾರ್ಡಿನಲ್ಲಿ ಏನೇ ಇರಲಿ, ಮದುವೆಗೆ ಕರೆಯಲು, ಪ್ರಸಾದ ಹಂಚಲು, ನ್ಯಾಯಕ್ಕೆ ಕೂರಿಸಲು ಮುಂದಿನ ಐದು ವರ್ಷ ಆ ಎಣಿಕೆಯೇ ನಡೆಯುತ್ತದೆ.

ಹಿಂದೆಲ್ಲ ಬೀಡು ಬಿಡುತ್ತಿದ್ದದ್ದು ಕಾವಲಿನ ಹುಲ್ಲುಗಾವಲಲ್ಲಿ. ಪ್ರತಿ ಮನೆಗೂ ಅಪ್ಪ ಅಜ್ಜಂದಿರ ಕಾಲದ ಒಂದೊಂದು ಮರ ಇತ್ತು. ಜಾಗದ ಚಿಂತೆ ಇರಲಿಲ್ಲ. ಈಗ ಕಾವಲಿಗೆ ಉದ್ದಾನುದ್ದ ಕಾಂಪೌಂಡು ಬಂದಿದೆ. ಮರಗಳು ಒಳಗೆ, ಊರು ಹೊರಗೆ. ಹೀಗಾಗಿ ಈ ಸಲದ ಬೀಡು ಗುಡ್ಡದ ಕೆರೆಯ ದಂಡೆಗೆ ಎಂದು ತೀರ್ಮಾನವಾಯಿತು. ಮೂರು ಕಡೆ ಬಂಡೆಗುಡ್ಡ, ಒಂದು ಕಡೆ ಏರಿ. ಆ ವರ್ಷ ಮಳೆ ಕೈತುಂಬ ಬಂದು ಕೆರೆ ಕೋಡಿ ಬಿದ್ದಿತ್ತು. ಗುಡ್ಡ ತಲೆಕೆಳಗಾಗಿ ನೀರಿನಲ್ಲಿ ಕಾಣುತ್ತಿತ್ತು.

ಜಾಗ ಹಿಡಿಯುವ ಕ್ರಮವೂ ಹಳೆಯದೇ. ಬೇಕಾದ ಕಡೆ ಮೂರು ಒಲೆಗಲ್ಲು ಹೂಡಿ, ಅರಿಶಿನ ಬಳಿದು, ಇದ್ದಿಲಿನಲ್ಲಿ ಮನೆಯ ಗುರುತು ಹಾಕಬೇಕು. ಒಮ್ಮೆ ಅರಿಶಿನ ಬಿದ್ದ ಕಲ್ಲನ್ನು ಅದರ ಮೇಲೆ ಏನಾದರೂ ಬೇಯಿಸದೆ ಕೀಳುವಂತಿಲ್ಲ. ಕಿತ್ತರೆ ಆ ಮನೆಗೆ ಆಗಿಬರುವುದಿಲ್ಲ.

ಡಂಗುರ ಸಾರಿದ ಸಂಜೆಯೇ ಹೊನ್ನಕ್ಕನ ಮನೆಯಲ್ಲಿ ಜಾಗದ ಮಾತು ಎದ್ದಿತು. ಗೀತಮ್ಮ ಒಳಗೆ ಹಿಟ್ಟು ಕೂಡಿಸುತ್ತಿದ್ದಳು. ಗಂಗಾಂಬಿಕಾ ಪಡಸಾಲೆಯಲ್ಲಿ ಮೊಳಕಾಲ್ಮೂರಿನಿಂದ ಬಂದ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಆಶಾ ಬಾಗಿಲ ಹೊಸ್ತಿಲಲ್ಲಿ ಪುಸ್ತಕ ಹಿಡಿದು ಎರಡೂ ಕಡೆಗೆ ಸಮ ದೂರದಲ್ಲಿ ಕೂತಿದ್ದಳು.

"ಆಶಾ, ನಿಮ್ಮ ಚಿಕ್ಕಮ್ಮಂಗೆ ಹೇಳು. ಪಡುವಣ ದಿಣ್ಣೆ ಒಳ್ಳೇ ಜಾಗ. ನೆಲ ಗರಸು, ನೀರು ನಿಲ್ಲಲ್ಲ, ಗಾಳಿ ಆಡ್ತೈತೆ. ಕುರಿ ತಾವಾಗೇ ಹೋಗಿ ಮಲಗೋ ಜಾಗ ಅದು. ಕುರಿಗೆ ಗೊತ್ತಿರೋವಷ್ಟು ಜಾಗ ಮನುಷ್ಯರಿಗೆ ಗೊತ್ತಿರಲ್ಲ."

"ಆಶಾ, ನಿಮ್ಮಮ್ಮಂಗೆ ಹೇಳು. ಏರಿ ಕೆಳಗೆ ಹೊಂಗೆ ಸಾಲು ಐತೆ. ಉದ್ದಕ್ಕೆ ನೆಟ್ಟಗೆ ನೆರಳು, ಒಂದು ಎಲೆ ಅಳ್ಳಾಡಲ್ಲ. ನಮ್ಮೂರಾಗೆ ಮಗ್ಗಕ್ಕೆ ಹಾಸು ಎಳೆಯೋಕೆ ಅಂಥ ಜಾಗಾನೇ ಹುಡುಕ್ತಾರೆ. ಗಾಳಿ ಬಂತಾ, ನೂಲೆಲ್ಲ ಸಿಕ್ಕು."

"ನಾವೇನು ಸೀರೆ ನೇಯಕ್ಕೆ ಹೋಗ್ತಿದೀವಾ ಅಂತ ಕೇಳು."

"ನಾವೇನು ಕುರಿನಾ ಅಂತ ಕೇಳು."

"ಇಬ್ರಿಗೂ ಕೇಳಿಸ್ತಲ್ಲ, ನಾನು ಮತ್ತೆ ಹೇಳ್ಬೇಕಾ?" ಎಂದಳು ಆಶಾ.

"ಹೇಳು!" ಎಂದವು ಎರಡು ದನಿ ಒಟ್ಟಿಗೆ.

ಒಂದು ವಾರ ಹೀಗೇ ಹೋಯಿತು. ಪಾಲಾಕ್ಷನನ್ನು ಕೇಳಿದರೆ "ಅವ್ವನ್ನ ಕೇಳಿ" ಎನ್ನುತ್ತಿದ್ದ. ಹೊನ್ನಕ್ಕನನ್ನು ಕೇಳಿದರೆ "ನೀವಿಬ್ರೂ ಕೂತು ಒಂದು ಜಾಗ ಹೇಳಿ, ನಾನು ಅಲ್ಲೇ ಕೂರ್ತೀನಿ" ಎನ್ನುತ್ತಿದ್ದಳು. ಇಬ್ಬರೂ ಕೂತರು, ಆದರೆ ಬೇರೆ ಬೇರೆ ಕಡೆ.

ಎರಡನೆಯ ವಾರ, ಒಂದು ಶುಕ್ರವಾರ, ಗೀತಮ್ಮ ಕುರಿ ಹಿಂದೆ ಹೋದವಳು ಸೆರಗಿನಲ್ಲಿ ಅರಿಶಿನ ಗಂಟು ಹಾಕಿಕೊಂಡು ಹೋಗಿ, ದಿಣ್ಣೆ ಮೇಲೆ ಮೂರು ಕಲ್ಲು ಹೂಡಿ ಬಂದಳು. ಜಾಗ ಬೇರೆಯವರ ಪಾಲಾದರೆ ಆಮೇಲೆ ಅತ್ತೆಗೇ ಕಷ್ಟ ಎಂಬುದು ಅವಳ ಸಮಾಧಾನ. ಶನಿವಾರ ಗಂಗಾಂಬಿಕಾ ಗಂಡನ ಲಗೇಜ್ ಆಟೋದಲ್ಲಿ ಹೋಗಿ ಹೊಂಗೆ ನೆರಳಿನಲ್ಲಿ ಮೂರು ಕಲ್ಲು ಹೂಡಿ ಬಂದಳು. ಅವಳ ಸಮಾಧಾನವೂ ಅಕ್ಷರಶಃ ಅದೇ. ಒಬ್ಬಳದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ಭಾನುವಾರ ಮನೆಯಲ್ಲಿ ಎಂದೂ ಇಲ್ಲದ ಶಾಂತಿ ನೆಲೆಸಿತ್ತು. ಗೆದ್ದವರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ.

ಬುಧವಾರ ಬೆಳಿಗ್ಗೆ ಪಾತಣ್ಣ ಬಂದ. ಜಾಗದ ತಕರಾರು ಏನಾದರೂ ಇದೆಯೇ ಎಂದು ಕೆರೆಯ ಸುತ್ತ ಒಂದು ಸುತ್ತು ಹಾಕಿ ಬಂದಿದ್ದ. ಜಗಲಿಯ ಮೇಲೆ ಕೂತು, ಗಂಗಾಂಬಿಕಾ ಕೊಟ್ಟ ಚಹಾ ಕುಡಿದು, ಗೀತಮ್ಮ ಕೊಟ್ಟ ಚಹಾವನ್ನೂ ಕುಡಿದು, ಆಮೇಲೆ ಮಾತು ತೆಗೆದ.

"ಹೊನ್ನಕ್ಕ, ನಿಮ್ಮನಿಗೆ ಬಾಗ್ಲು ಎಷ್ಟು?"

"ಕಣ್ಣು ಕಾಣಲ್ವಾ ಪಾತಣ್ಣ? ಒಂದು."

"ಕೆರೆ ಸುತ್ತ ನಿಮ್ಮನೆ ಗುರ್ತಿನ ಕಲ್ಲು ಒಂಬತ್ತು ಅದಾವೆ."

ಗೀತಮ್ಮ ಕಂಬ ನೋಡುತ್ತಾ, "ಮೂರು ನಾನು ಇಟ್ಟಿದ್ದು" ಎಂದಳು.

"ಮೂರು ನಾನು," ಎಂದಳು ಗಂಗಾಂಬಿಕಾ.

"ಆರಾಯ್ತು," ಎಂದ ಪಾತಣ್ಣ.

ಎಲ್ಲರೂ ಪಾಲಾಕ್ಷನನ್ನು ನೋಡಿದರು. ಅವನು ಮಾರುತೇಶನನ್ನು ನೋಡಿದ. ಮಾರುತೇಶ ಆಶಾಳನ್ನು ನೋಡಿದ.

"ನನ್ನ ನೋಡ್ಬೇಡ ಚಿಕ್ಕಪ್ಪ, ನಂಗೆ ಟೆಸ್ಟ್ ಇತ್ತು."

ಹೊನ್ನಕ್ಕ ಸೆರಗು ಸರಿಮಾಡಿಕೊಂಡಳು. "ಇನ್ನ ಮೂರು ನಂದು."

"ಅವ್ವ!"

"ಏನು ಅವ್ವ? ಇವರಿಬ್ರೂ ಒಪ್ಪಲ್ಲ ಅಂತ ಗೊತ್ತಿತ್ತು. ಮಧ್ಯದಾಗೆ ದೊಡ್ಡ ಬಂಡೆ ಹತ್ರ ಒಂದು ಜಾಗ ಹಿಡಿದಿಟ್ರೆ ಇಬ್ರೂ ಅಲ್ಲಿಗೇ ಬರ್ತಾರೆ ಅಂದ್ಕಂಡೆ. ಸೋಮವಾರ ಹೋಗಿ ಹೂಡ್ದೆ. ಇವರು ಆಗ್ಲೇ ಹೂಡಿದಾರೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಕಿತ್ತು ಹಾಕಿದ್ರೆ ಆಗಲ್ವಾ ಯಜಮಾನ್ರೆ?" ಎಂದ ಮಾರುತೇಶ.

ಪಾತಣ್ಣ ನಾಲಿಗೆ ಕಚ್ಚಿಕೊಂಡ. "ಅರಿಶಿನ ಬಿದ್ದೈತೆ ಕಣಪ್ಪ. ಮೂರೂ ಉರೀಲೇಬೇಕು. ನಾನು ಏರಿ ಮೇಲೆ ನಿಂತು ಹೊಗೆ ಎಣಿಸ್ತೀನಿ. ಹೊಗೆ ಎಷ್ಟೋ ಮನೆ ಅಷ್ಟು. ಮೂರು ಕಂಡ್ರೆ ಮೂರು ಮನೆ. ನಮ್ಮಪ್ಪನೂ ಹಿಂಗೇ ಎಣಿಸಿದ್ದು."

ಗೋಡೆ ಒಂದು ಸಾಲದು, ಎರಡು ಬೇಕಾಗುತ್ತದೆ ಎಂಬುದು ಪಾಲಾಕ್ಷನಿಗೆ ಆಗ ಹೊಳೆಯಿತು. ಮನೆ ಇದ್ದದ್ದೇ ಮೂರು ಅಂಕಣ.

ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತಿತು. ಸುತ್ತುವಾಗ ಸ್ವಲ್ಪ ಬೆಳೆಯಿತು. ನೀರಿನ ಟ್ಯಾಂಕಿನ ಬಳಿ ಉಚ್ಚಂಗೆಮ್ಮ ಎಂಬಾಕೆ ಕೊಡ ತುಂಬುವವರೆಗೂ ತಡೆಯಲಾರದೆ ಗೀತಮ್ಮನನ್ನು ಕೇಳಿಯೇಬಿಟ್ಟಳು: "ಹೊನ್ನಕ್ಕ ಬೇರೆ ಆದ್ಲಂತೆ? ಎಪ್ಪತ್ತು ವರ್ಷಕ್ಕೆ ಒಲೆ ಹೂಡ್ಕಂಡ್ಲು ಅಂದ್ರೆ ನೀವು ಏನು ಹಾಕ್ತಿದ್ರೋ ತಟ್ಟೇಗೆ!" ಅತ್ತ ಅಂಗಡಿಯಲ್ಲಿ ಗಂಗಾಂಬಿಕಾಳಿಗೂ ಬೆಲ್ಲದ ಜೊತೆ ಅದೇ ಮಾತು ಸಿಕ್ಕಿತು. ಎರಡೂ ಕಡೆ ಉಂಡು ರವಿಕೆಯ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳುತ್ತಿದ್ದ ಹೊನ್ನಕ್ಕ ಒಂದೇ ದಿನದಲ್ಲಿ ಊರಿನ ಕಣ್ಣಿಗೆ ಉಪವಾಸವಿದ್ದ ಅತ್ತೆಯಾದಳು.

ಗೀತಮ್ಮ ಕೊಡವನ್ನು ಧಡ್ಡನೆ ಇಳಿಸಿ ಪಡಸಾಲೆಗೇ ನುಗ್ಗಿದಳು. "ಕೇಳಿದ್ಯಾ ಊರಾಗೆ ಏನಂತಾರೆ?"

"ಕೇಳ್ದೆ ಅಕ್ಕ. ನಾವು ಅತ್ತೇನ ಹೊರಗೆ ಹಾಕಿದೀವಂತೆ. ಚೂಡು, ನೋಡಕ್ಕ, ಎಂಥ ಮಾತು!"

"ನಾವು! ಹೊರಗೆ ಹಾಕಿದ್ರೆ ಹಿಂಗೆ ಗುಂಡುಗುಂಡಾಗಿ ಇರ್ತಿದ್ರಾ ಅವರು?"

"ನನ್ನ ಒಲೇಲಿ ದಿನಕ್ಕೆ ಎರಡು ಸಲ ಅನ್ನ ಹಾಕಿಸ್ಕಂತಾರೆ ಅಕ್ಕ."

"ಎರಡು ಸಲ? ನನ್ನ ಹತ್ರ ಎರಡು ಮುದ್ದೆ ಮುಗಿಸಿ ಬಂದ ಮೇಲಾ?"

ಇಬ್ಬರಿಗೂ ತಾವು ಏಳು ತಿಂಗಳ ಮೇಲೆ ನೇರ ಮಾತಾಡುತ್ತಿದ್ದೇವೆಂದು ಆಗ ಹೊಳೆದು, ಸ್ವಲ್ಪ ನಾಚಿಕೆಯಾಯಿತು. ಆದರೆ ನಾಚಿಕೆಗೆ ಹೊತ್ತಿರಲಿಲ್ಲ. ಹೊರಬೀಡಿಗೆ ಉಳಿದಿದ್ದದ್ದು ಆರೇ ದಿನ.

"ಮೂರೂ ಉರೀಬೇಕು, ಹೊಗೆ ಒಂದೇ ಕಾಣ್ಬೇಕು," ಎಂದಳು ಗೀತಮ್ಮ. "ಎಲ್ಲಾದ್ರೂ ಆಗೋ ಮಾತಾ?"

ಗಂಗಾಂಬಿಕಾ ಕುಚ್ಚಿನ ಎಳೆಯನ್ನು ಬೆರಳಿಗೆ ಸುತ್ತುತ್ತ ಕೂತಳು. "ಅಕ್ಕ, ಮೂರೂ ಒಟ್ಟಿಗೆ ಉರೀಬೇಕು ಅಂತ ಯಜಮಾನ್ರು ಅಂದ್ರಾ?"

ಗೀತಮ್ಮ ಯೋಚಿಸಿದಳು. "ಇಲ್ಲ. ಉರೀಬೇಕು ಅಂದ್ರು ಅಷ್ಟೇ."

"ಹಂಗಾದ್ರೆ ಒಂದು ಆರಿಸಿ ಇನ್ನೊಂದು ಹಚ್ಚೋಣ. ಕಡ್ಡಿ ಗೀರೋದು ಅವತ್ತು ಮನೆಗೆ ಒಂದೇ ಸಲ ಅಲ್ವಾ, ಕೆಂಡ ಹೊತ್ಕಂಡು ಹೋಗೋಣ."

"ಆದ್ರೆ ಇಳಿಸಿದ ಪಾತ್ರೆ ಅವತ್ತು ಒಲೆ ಬಿಟ್ಟು ಕದಲಂಗಿಲ್ಲ, ಗೊತ್ತಾ? ಮುದ್ದೆ ಒಂದ್ಕಡೆ ಇರ್ತೈತೆ, ಸಾರು ಒಂದ್ಕಡೆ."

"ಪಾತ್ರೆ ಕದಲಂಗಿಲ್ಲ. ತಟ್ಟೆ?"

ಗೀತಮ್ಮ ವಾರಗಿತ್ತಿಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. ಒಳಗಿನಿಂದ ಹೊನ್ನಕ್ಕ ಕೂಗಿದಳು: "ಪಾಯಸ ನಾನು ಮಾಡ್ತೀನಿ. ಬೆಲ್ಲ ಜಾಸ್ತಿ ತರಿಸಿ." ಅವಳು ಮೊದಲಿಂದಲೂ ಬಾಗಿಲ ಹಿಂದೆಯೇ ಇದ್ದಳು.

ಮಂಗಳವಾರ ಹೊತ್ತು ಹುಟ್ಟುವ ಮುಂಚೆ ಬಂಡೆಹಟ್ಟಿ ಬೀಗ ಹಾಕಿಕೊಂಡು ಹೊರಟಿತು. ಹೊನ್ನಕ್ಕನ ಮನೆಯವರು ಲಗೇಜ್ ಆಟೋದಲ್ಲಿ ಪಾತ್ರೆ, ಸೌದೆ, ಕೋಳಿಬುಟ್ಟಿ, ಕಂಬಳಿ ಮತ್ತು ಹೊನ್ನಕ್ಕನನ್ನು ಹೇರಿಕೊಂಡು ಬಂದರು. ಬಿಸಿಲು ಏರುವ ಹೊತ್ತಿಗೆ ಕೆರೆಯ ಸುತ್ತ ನಲವತ್ತೊಂದು ಹೊಗೆ ಎದ್ದವು. ಹುಡುಗರು ನೀರಿಗೆ ಬಿದ್ದರು. ಎಮ್ಮೆಗಳು ಅವರಿಗಿಂತ ಗಂಭೀರವಾಗಿ ಬಿದ್ದವು.

ಮೊದಲು ಉರಿದದ್ದು ಹೊಂಗೆ ಸಾಲಿನ ಒಲೆ. ಗಾಳಿ ಇಲ್ಲದ ಜಾಗ. ನೂಲಿಗೆ ಒಳ್ಳೆಯದಾದದ್ದು ಕಣ್ಣಿಗೆ ಒಳ್ಳೆಯದಲ್ಲ. ಹೊಗೆ ಎಲ್ಲೂ ಹೋಗದೆ ಗಂಗಾಂಬಿಕಾಳ ಮುಖದ ಮೇಲೆಯೇ ಕೂತಿತು.

"ಹಸಿ ಸೌದೆ ತೆಗಿ ಆಚೆ," ಎಂದಳು ಗೀತಮ್ಮ. "ತಡಿ, ಕುರಿ ಹಿಕ್ಕೆ ಒಣಗಿದ್ದು ತಂದಿದೀನಿ. ಹೊಗೆ ಕಮ್ಮಿ, ಕಾವು ಜಾಸ್ತಿ."

"ಕುರಿ ಹಿಕ್ಕೇಲಿ ಸಾರಾ?"

"ಹಿಕ್ಕೆ ಸಾರಿನೊಳಗೆ ಅಲ್ಲ ಕಣೇ, ಕೆಳಗೆ!"

ಸಾರು ಕುದಿದು ಇಳಿಯಿತು. ಆಶಾ ಕೆಂಡಗಳನ್ನು ಮುರಿದ ಹಂಚಿನ ಮೇಲೆ ಹೊತ್ತು ದೊಡ್ಡ ಬಂಡೆಯ ಕಡೆ ಓಡಿದಳು. ಮಾರುತೇಶ ಹಿಂದಿನ ಒಲೆಗೆ ಒಂದು ಬಿಂದಿಗೆ ನೀರು ಸುರಿದ. ಬಂಡೆ ಬಳಿ ಹೊನ್ನಕ್ಕನ ಶಾವಿಗೆ ಪಾಯಸ ಆಯಿತು; ಆ ಒಲೆಗೂ ನೀರು ಬಿತ್ತು. ಕೊನೆಗೆ ಕೆಂಡ ದಿಣ್ಣೆ ಹತ್ತಿತು. ಅಲ್ಲಿ ಗಾಳಿ ಆಡುವುದಲ್ಲ, ಕುಸ್ತಿ ಮಾಡುತ್ತಿತ್ತು. ಗೀತಮ್ಮ ಮೂರು ಸಲ ಊದಿದಳು, ಮೂರು ಸಲವೂ ಬೂದಿ ಅವಳ ತಲೆಗೇ ಬಂತು. ಕೆಂಡ ಕಪ್ಪಾಗತೊಡಗಿತು.

"ಆರಿಹೋದ್ರೆ ಬೇರೆ ಮನೆ ಬೆಂಕಿ ಕೇಳ್ಬೇಕು," ಎಂದ ಪಾಲಾಕ್ಷ. ಅವನ ಮುಖ ಸಣ್ಣದಾಗಿತ್ತು. "ಕೇಳಿದ್ರೆ ಎಲ್ಲಾ ಗೊತ್ತಾಗ್ತೈತೆ."

"ಬಾವ, ನಿಂತ್ಕಂಡು ಮಾತಾಡ್ಬೇಡ್ರಿ, ಕಂಬಳಿ ಹಿಡೀರಿ!" ಗಂಗಾಂಬಿಕಾ ಎರಡು ಜಾಲಿ ಗಿಡಗಳ ನಡುವೆ ಕಂಬಳಿಯ ಮೂಲೆಗಳನ್ನು ಎಳೆದು ಕಟ್ಟಿದಳು. ಹುಟ್ಟಿದಾಗಿನಿಂದ ನೂಲು ಬಿಗಿದ ಕೈ. ಕಂಬಳಿ ಗೋಡೆಯಂತೆ ನೆಟ್ಟಗೆ ನಿಂತಿತು. ಗಾಳಿ ಅದಕ್ಕೆ ಬಡಿದು ಸುತ್ತು ಹಾಕಿಕೊಂಡು ಹೋಯಿತು. ಕೆಂಡ ಕೆಂಪಾಯಿತು.

"ಇಂಥ ಗೋಡೆ ಆದ್ರೆ ನಂದೇನೂ ತಕರಾರಿಲ್ಲ," ಎಂದಳು ಹೊನ್ನಕ್ಕ ದಿಣ್ಣೆ ಹತ್ತಿ ಏದುಸಿರು ಬಿಡುತ್ತ.

ಏರಿಯ ಮೇಲೆ ಪಾತಣ್ಣ ಕಷ್ಟದಲ್ಲಿದ್ದ. ಬೆಳಿಗ್ಗೆ ಎಣಿಸಿದಾಗ ಹೊನ್ನಕ್ಕನ ಮನೆಯ ಹೊಗೆ ಹೊಂಗೆ ಸಾಲಿನಲ್ಲಿತ್ತು. ಎಲೆಅಡಿಕೆ ಹಾಕಿಕೊಂಡು ಮತ್ತೆ ಎಣಿಸಿದಾಗ ಬಂಡೆಯ ಬಳಿ ಇತ್ತು. ಕನ್ನಡಕ ಒರೆಸಿ ಮೂರನೆಯ ಸಲ ನೋಡಿದರೆ ದಿಣ್ಣೆಯ ಮೇಲಿತ್ತು. ಒಟ್ಟು ಮಾತ್ರ ಪ್ರತಿಸಲವೂ ನಲವತ್ತೊಂದೇ. ಅವನಪ್ಪನ ಕಾಲದಲ್ಲಿ ಹೊಗೆ ಮೇಲಕ್ಕೆ ಹೋಗುತ್ತಿತ್ತು, ಕೆರೆ ಸುತ್ತುತ್ತಿರಲಿಲ್ಲ. ಅವನು ಕೋಲು ಹಿಡಿದು ಇಳಿದು ಬಂದ.

ದಿಣ್ಣೆಯ ಮೇಲೆ ಮುದ್ದೆ ಆಗತಾನೇ ಇಳಿದಿತ್ತು. ಗೀತಮ್ಮ ತಟ್ಟೆಗೆ ಬಿಸಿ ಮುದ್ದೆ ಇಟ್ಟು ಕೊಟ್ಟಳು. "ಉಣ್ರಿ ಯಜಮಾನ್ರೆ."

ಪಾತಣ್ಣ ತಟ್ಟೆ ನೋಡಿದ. "ಸಾರು?"

"ಹೊಂಗೆ ಸಾಲಿನಾಗೆ ಐತೆ. ಪಾತ್ರೆ ಕದಲಿಸ್ಬಾರ್ದಲ್ಲ, ನಡೀರಿ."

ಹೊರಟರು. ಮುಂದೆ ಮುದ್ದೆ ತಟ್ಟೆ ಹಿಡಿದ ಪಾತಣ್ಣ, ಹಿಂದೆ ತಟ್ಟೆ ಹಿಡಿದ ಹೊನ್ನಕ್ಕ, ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಗಳು, ಅವರ ಹಿಂದೆ ಆಸೆಯಿಂದ ಎರಡು ನಾಯಿ. ಕೆರೆಯ ದಂಡೆಯಲ್ಲಿ ಉಣ್ಣುತ್ತಿದ್ದ ನಲವತ್ತು ಮನೆಯವರು ತುತ್ತು ಕೈಯಲ್ಲೇ ಹಿಡಿದು ನೋಡಿದರು. "ಎಲ್ಲಿಗೆ ದಿಬ್ಬಣ?" ಎಂದು ಯಾರೋ ಕೂಗಿದರು. "ಸಾರಿನ ಮನೀಗೆ," ಎಂದಳು ಆಶಾ.

ಹೊಂಗೆ ನೆರಳಿನಲ್ಲಿ ಗಂಗಾಂಬಿಕಾ ಸೌಟು ತುಂಬ ಸಾರು ಹೊಯ್ದಳು. ಪಾತಣ್ಣನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಸೌಟು ಹಾಕಿಸಿಕೊಂಡ. ಮುದ್ದೆ ಮುಗಿದಾಗ ಸಾರು ಉಳಿದಿತ್ತು. ಸುತ್ತಲೂ ಮುದ್ದೆಗಾಗಿ ನೋಡಿದ, ಮುದ್ದೆ ಕೆರೆಯ ಆಚೆ ದಡದಲ್ಲಿತ್ತು. ನಿಟ್ಟುಸಿರು ಬಿಟ್ಟು, "ಸಿಹಿ ಏನಾದ್ರೂ?" ಎಂದ.

"ಬಂಡೆ ಹತ್ರ," ಎಂದಳು ಹೊನ್ನಕ್ಕ. "ಸ್ವಲ್ಪ ದೂರ. ಬಾ."

ಬಂಡೆ ತಲುಪುವಷ್ಟರಲ್ಲಿ ಪಾತಣ್ಣನ ಕಾಲು ಸೋತಿತ್ತು. ಪಾಯಸದ ಲೋಟ ಎರಡೂ ಕೈಯಲ್ಲಿ ಹಿಡಿದು ನೆರಳಿಗೆ ಕೂತ. ಪಾಲಾಕ್ಷ ಅವನ ಬಾಯನ್ನೇ ನೋಡುತ್ತಿದ್ದ. ಮಾರುತೇಶ ನೆಲ ಕೆರೆಯುತ್ತಿದ್ದ. ಸೊಸೆಯರು ತಮಗೇ ತಿಳಿಯದೆ ಒಬ್ಬರ ತೋಳು ಒಬ್ಬರು ಹಿಡಿದಿದ್ದರು. ಹೊನ್ನಕ್ಕ ಮಾತ್ರ ನೇರವಾಗಿ ಕೇಳಿದಳು.

"ಎಷ್ಟು ಮನೆ ಪಾತಣ್ಣ?"

"ಇದು ಮೋಸ ಕಣೆ ಹೊನ್ನಕ್ಕ. ಮೂರು ಒಲೆ ಹಚ್ಚಿ ಒಂದೇ ಹೊಗೆ ತೋರಿಸಿದೀರ."

"ಹೊಗೆ ಎಣಿಸ್ತೀನಿ ಅಂದೋನು ನೀನು. ಎಷ್ಟು ಕಂಡ್ತು?"

ಪಾತಣ್ಣ ಪಾಯಸ ಒಂದು ಗುಟುಕು ಕುಡಿದ. ಕೆರೆಯ ಆಚೆಯ ದಿಣ್ಣೆ ನೋಡಿದ, ಈಚೆಯ ಹೊಂಗೆ ಸಾಲು ನೋಡಿದ, ತನ್ನ ಕಾಲು ನೀವಿಕೊಂಡ.

"ಹೊಗೆ ಕತೆ ಬಿಡು. ಮೂರು ಮನೆ ಆಗಿದ್ರೆ ಒಂದು ಕಡೆಯಾದ್ರೂ ನಾನು ಕೂತು ಹೊಟ್ಟೆ ತುಂಬಾ ಉಂಡಿರ್ತಿದ್ದೆ. ಇವರಲ್ಲಿ ಯಾರ ಹತ್ರಾನೂ ಪೂರ್ತಿ ಊಟ ಇಲ್ಲ. ಒಂದೇ ಮನೆ."

ಹೊನ್ನಕ್ಕ ಅವನ ಲೋಟಕ್ಕೆ ಮತ್ತೆ ಪಾಯಸ ಸುರಿದಳು, ಚೆಲ್ಲುವಷ್ಟು. ಸೊಸೆಯರು ಬಂಡೆಗೆ ಒರಗಿ ಕಾಲು ಚಾಚಿ ಕೂತರು. ಗಂಗಾಂಬಿಕಾಳ ಮುಖದ ಮಸಿಯನ್ನು ಗೀತಮ್ಮ ಸೆರಗಿನಿಂದ ಒರೆಸಿದಳು. ಮಸಿ ಹೋಗುವ ಬದಲು ಹರಡಿತು. ಇಬ್ಬರೂ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ.

ಮಾರುತೇಶ ಧೈರ್ಯ ಮಾಡಿ ತಟ್ಟೆ ಮುಂದೆ ಮಾಡಿದ. "ಅತ್ತಿಗೆ, ಇನ್ನೊಂದು ಮುದ್ದೆ ಬೇಕಾಗಿತ್ತು."

"ನಂಗೂ," ಎಂದ ಪಾಲಾಕ್ಷ.

"ಎಲ್ಲೈತೆ ಅಂತ ಗೊತ್ತಲ್ಲ," ಎಂದಳು ಗೀತಮ್ಮ.

"ಬರ್ತಾ ಸಾರೂ ಹಾಕ್ಕಂಬನ್ನಿ," ಎಂದಳು ಗಂಗಾಂಬಿಕಾ. "ನಮಗೂ ಸೇರಿಸಿ."

ಏಳು ತಿಂಗಳಿಂದ ಯಾವ ಮಾತಿಗೂ ಬಾಯಿ ಹಾಕದ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆರು ತಟ್ಟೆ ಜೋಡಿಸಿಕೊಂಡು, ಕೆರೆಯ ದಂಡೆ ಹಿಡಿದು ಹೊರಟರು.